ಉಸಿರಿನ ಕಾಲಂ

ಬಸ್ಸು ತುಂಗೆಯ ಸೇತುವೆ ಹತ್ತುವ ಹೊತ್ತಿಗೆ ಸುಮನಾಗೆ ತಾನು ಉಟ್ಟ ಸೀರೆಯೇ ತಪ್ಪಾಯಿತು ಅನ್ನಿಸಿತು. ಬೆಳಿಗ್ಗೆ ಕನ್ನಡಿಯ ಮುಂದೆ ಈ ಬೂದು ಬಣ್ಣ ಗಂಭೀರವಾಗಿ ಕಂಡಿತ್ತು. ಈಗ ನೋಡಿದರೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಹೆದರಿಕೊಂಡ ಪ್ರೈಮರಿ ಶಾಲೆಯ ಟೀಚರಮ್ಮನ ಸೀರೆ. ತೊಡೆಯ ಮೇಲೆ ಕಾಲೇಜಿನ ಲ್ಯಾಪ್‌ಟಾಪು. ಅದನ್ನು ಒಂದು ದಿನದ ಮಟ್ಟಿಗೆ ಹೊರಗೆ ಒಯ್ಯಲು ಪ್ರಿನ್ಸಿಪಾಲರ ಮುಂದೆ ಹಲ್ಲು ಗಿಂಜಿದ್ದು ನೆನಪಾಗಿ ಕಿವಿ ಬಿಸಿಯಾಯಿತು. "ಜೋಪಾನ ಕಣ್ರೀ, ಮನೇಲಿ ಮಕ್ಕಳ ಕೈಗೆ ಕೊಟ್ಟೀರಿ," ಎಂದಿದ್ದರು ಅವರು, ಅವಳಿಗೆ ಮಕ್ಕಳಿಲ್ಲವೆಂದು ಚೆನ್ನಾಗಿ ಗೊತ್ತಿದ್ದೂ. ಪಕ್ಕದ ಹೆಂಗಸಿನ ಕೊತ್ತಂಬರಿ ಸೊಪ್ಪಿನ ಚೀಲದಿಂದ ನೀರು ಜಿನುಗಿ ಸೀಟಿನ ಮೇಲೆ ಹರಿಯತೊಡಗಿದಾಗ ಬ್ಯಾಗನ್ನು ಎದೆಗೊತ್ತಿ ಹಿಡಿದುಕೊಂಡಳು. "ಮೇಲಿಡ್ರಿ ಮೇಡಂ, ಯಾರೂ ಕದಿಯಲ್ಲ," ಎಂದ ಕಂಡಕ್ಟರ್. ಅವಳು ನಕ್ಕಳು, ಇಡಲಿಲ್ಲ. ಇವತ್ತು ತಪ್ಪಿದರೆ ಇನ್ನಿಲ್ಲ ಎಂದು ಮನಸ್ಸು ಬೆಳಗಿನಿಂದ ಒಂದೇ ಸಮ ಹೇಳುತ್ತಿತ್ತು. ಬೆಂಗಳೂರಿನ ಸಮಿತಿಯವರು ಭದ್ರಾವತಿಗೆ ಬರುತ್ತಿದ್ದಾರೆ. ಹೊಳೆದಂಡೆ ಆಸ್ಪತ್ರೆಯ ವಾರ್ಡಿನಲ್ಲಿ ಅವಳ ಕಂಪ್ಯೂಟರ್ ಪ್ರೋಗ್ರಾಂ ಕೆಲಸ ಮಾಡುವುದನ್ನು ಕಣ್ಣಾರೆ ನೋಡುತ್ತಾರೆ. ಅವರು ಹೂಂ ಎಂದರೆ ಅದು ಜಿಲ್ಲೆ ಜಿಲ್ಲೆಯ ಆಸ್ಪತ್ರೆಗಳಿಗೆ ಹೋಗುತ್ತದೆ. ಉಹೂಂ ಎಂದರೆ ನಾಲ್ಕು ವರ್ಷದ ಕೆಲಸ ಕಾಲೇಜಿನ ಕಪಾಟಿನಲ್ಲಿ ಜಿರಲೆಗಳ ಪಾಲು.

ಸುಮನಾ ಡಾಕ್ಟರಲ್ಲ. ಅದನ್ನು ಅವಳಿಗೆ ನೆನಪಿಸದ ಡಾಕ್ಟರೂ ಇಲ್ಲ. ಶಿವಮೊಗ್ಗದ ಕಾಲೇಜೊಂದರಲ್ಲಿ ಜೀವರಸಾಯನ ಪಾಠ ಮಾಡುತ್ತ, ಮೂವತ್ತು ದಾಟಿದ ಮೇಲೆ ಹಟಕ್ಕೆ ಬಿದ್ದು ಕಂಪ್ಯೂಟರ್ ಕಲಿತವಳು. ಗಾಯದಲ್ಲೋ ಹೊಲಿಗೆಯಲ್ಲೋ ಸೇರಿದ ನಂಜು ರಕ್ತಕ್ಕೇರಿ, ಅದನ್ನು ಹೊಡೆಯಲು ಎದ್ದ ಮೈ ತನ್ನನ್ನೇ ಹೊಡೆದುಕೊಳ್ಳತೊಡಗುವ ಸ್ಥಿತಿಗೆ ಸೆಪ್ಸಿಸ್ ಎನ್ನುತ್ತಾರೆ. ಎಲ್ಲರಿಗೂ ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ. ಗೊತ್ತಾಗುವ ಮುಂಚೆ ಅದು ಬರೀ ಸಣ್ಣ ಜ್ವರ, ತುಸು ಜೋರಾದ ನಾಡಿ, ಒಂಚೂರು ಸುಸ್ತು. ಒಂದೊಂದನ್ನೇ ನೋಡಿದರೆ ಏನೂ ಅಲ್ಲ. ಆದರೆ ಅವೆಲ್ಲ ಒಟ್ಟಿಗೆ ಕದಲುವುದರಲ್ಲಿ ಒಂದು ನಡಿಗೆಯಿದೆ, ಆ ನಡಿಗೆಯನ್ನು ಯಂತ್ರಕ್ಕೆ ಕಲಿಸಬಹುದು ಎಂಬುದು ಅವಳ ಹುಚ್ಚು. ಆಸ್ಪತ್ರೆಯ ಉಗ್ರಾಣದಲ್ಲಿ ಧೂಳು ಕುಡಿಯುತ್ತ ಕೂತು, ಬದುಕಿದವರ ಸತ್ತವರ ಹಳೆಯ ಚಾರ್ಟುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದ್ದಳು. ಈಗ ಹೊಸ ರೋಗಿಯ ಜ್ವರ, ನಾಡಿ, ರಕ್ತದ ಬಿಳಿಕಣ ಇಷ್ಟನ್ನು ಒತ್ತಿದರೆ ಸಾಕು, ಪರದೆಯ ಮೇಲೆ ಹಸಿರೋ ಹಳದಿಯೋ ಕೆಂಪೋ ಬರುತ್ತದೆ. ಮೊದಲ ವರ್ಷ ಡಾಕ್ಟರ್ ರೇಣುಕಾಪ್ರಸಾದ್ ಅವಳನ್ನು ಇಂಜೆಕ್ಷನ್ ಬೆಂಚಿನ ಮೇಲೆ ರೋಗಿಗಳ ಜೊತೆ ಮಧ್ಯಾಹ್ನದವರೆಗೆ ಕೂರಿಸಿ, ಕೊನೆಗೆ ಬಾಗಿಲಿಂದ ತಲೆ ಹಾಕಿ, "ನಾಡಿ ನೋಡೋಕೆ ನನಗೆ ಬೆರಳಿದೆ ಮೇಡಂ," ಎಂದು ಊಟಕ್ಕೆ ಹೊರಟುಹೋಗಿದ್ದರು. ಅವಳು ಮಾರನೆಯ ದಿನವೂ ಹೋಗಿ ಅದೇ ಬೆಂಚಿನ ಮೇಲೆ ಕೂತಳು. ಆಮೇಲೊಂದು ದಿನ ಕರಿಯಮ್ಮ ಎಂಬ ಬಾಣಂತಿಗೆ ಯಂತ್ರ ಕೆಂಪು ತೋರಿಸಿತು, ಡಾಕ್ಟರು ನಕ್ಕರು, ಸಂಜೆಯೊಳಗೆ ಆ ನಗು ಇಳಿಯಿತು, ಕರಿಯಮ್ಮ ಉಳಿದುಕೊಂಡಳು. ಅಂದಿನಿಂದ ರೇಣುಕಾಪ್ರಸಾದರದು ಹೊಸದಾಗಿ ದೀಕ್ಷೆ ತಗೊಂಡವರ ಭಕ್ತಿ. ಹಸಿರು ಬಾರದೆ ಯಾರನ್ನೂ ಮನೆಗೆ ಕಳಿಸುವುದಿಲ್ಲ, ಹಸಿರು ಬಂದವರನ್ನು ಸುಮ್ಮನೆ ಇಟ್ಟುಕೊಳ್ಳುವುದೂ ಇಲ್ಲ ಎಂದು ವಾರ್ಡಿನಲ್ಲೆಲ್ಲ ಸಾರಿಬಿಟ್ಟರು. ಆ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ಸುಮನಾಗೆ ಆದ ಸಂತೋಷ ಇವತ್ತಿಗೂ ಹಳಸಿಲ್ಲ. ಅವಮಾನವನ್ನು ನುಂಗಿದವರಿಗೆ ಮಾತ್ರ ಗೊತ್ತಿರುವ ಸಂತೋಷ ಅದು, ಅಷ್ಟೇನೂ ಚೊಕ್ಕಟವಾದದ್ದಲ್ಲ.

ಮಾಚೇನಹಳ್ಳಿ ದಾಟಿತು. ಸಮಿತಿಯ ಮುಂದೆ ಮೊದಲ ಮಾತು ಯಾವುದು ಎಂದು ಅವಳು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದಳು. ಮೂರೇ ಮೂರು ಅಂಶ ಸಾಕು ಸರ್. ಈ ವಾಕ್ಯಕ್ಕೇ ಕಳೆದ ವರ್ಷ ಬೆಂಗಳೂರಿನ ಸಭೆಯಲ್ಲಿ ಚಪ್ಪಾಳೆ ಬಿದ್ದದ್ದು. ಎಂಥ ಬಡ ಆಸ್ಪತ್ರೆಯಲ್ಲೂ ಥರ್ಮಾಮೀಟರಿರುತ್ತದೆ, ಗಡಿಯಾರವಿರುತ್ತದೆ, ಒಂದು ಪುಟ್ಟ ಲ್ಯಾಬಿರುತ್ತದೆ. ಮೊದಲು ನಾಲ್ಕು ಅಂಶವಿದ್ದವು. ನಾಲ್ಕನೆಯದು ಉಸಿರು, ನಿಮಿಷಕ್ಕೆ ಎಷ್ಟು ಎಂದು. ಚಾರ್ಟಿನಲ್ಲಿ ಅದಕ್ಕೊಂದು ಕಾಲಂ ಇತ್ತು, ಆ ಕಾಲಮ್ಮಿನ ತುಂಬ ಇಪ್ಪತ್ತು ಇಪ್ಪತ್ತು ಇಪ್ಪತ್ತು. ಬದುಕಿದವರದೂ ಇಪ್ಪತ್ತು, ಸತ್ತವರದೂ ಇಪ್ಪತ್ತು. ಇದೇನು ಎಂದು ಕೇಳಿದಾಗ ವಾರ್ಡಿನ ಸಿಸ್ಟರ್ ಪದ್ಮಮ್ಮ, "ಉಸಿರಾಡ್ತಾ ಇದ್ದರೆ ಇಪ್ಪತ್ತು ಮೇಡಂ. ಇಲ್ಲದಿದ್ದರೆ ಚಾರ್ಟೇ ಬೇಡವಲ್ಲ," ಎಂದಿದ್ದಳು, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಡಾಕ್ಟರ್ ರೌಂಡಿಗೆ ಬರುವ ಮುಂಚೆ ಇಡೀ ವಾರ್ಡಿನ ಚಾರ್ಟು ತುಂಬಿರಬೇಕು. ಒಬ್ಬೊಬ್ಬರ ಎದೆ ನೋಡುತ್ತ ನಿಲ್ಲಲು ಯಾರಿಗೆ ಪುರಸೊತ್ತು. ಎಲ್ಲರಲ್ಲೂ ಒಂದೇ ಆಗಿರುವ ಅಂಕಿ ಯಾರನ್ನೂ ಬೇರೆಯಾಗಿ ತೋರಿಸದು, ಹಾಗಾಗಿ ಲೆಕ್ಕ ಅದಕ್ಕೆ ಸೊನ್ನೆ ಬೆಲೆ ಕಟ್ಟಿತು. ಅವಳು ಆ ಕಾಲಮ್ಮನ್ನು ಅಳಿಸಿದಳು. ಲೆಕ್ಕದ ಪ್ರಕಾರ ಅದು ಸರಿಯೇ. ಅಳಿಸಿದ ಮೇಲೆ ಪ್ರೋಗ್ರಾಂ ಹಗುರಾಯಿತು, ಚಪ್ಪಾಳೆಗೆ ಯೋಗ್ಯವಾಯಿತು.

ಭದ್ರಾವತಿಯ ನ್ಯೂ ಟೌನಿನಲ್ಲಿಳಿದು ಆಟೋ ಹಿಡಿದು ಆಸ್ಪತ್ರೆ ಮುಟ್ಟಿದಾಗ ರೇಣುಕಾಪ್ರಸಾದರು ಮೆಟ್ಟಿಲ ಮೇಲೇ ನಿಂತಿದ್ದರು. ಕೋಟಿಗೆ ಇಸ್ತ್ರಿಯಾಗಿತ್ತು, ತಲೆಗೂದಲಿಗೆ ಹೊಸದಾಗಿ ಕಪ್ಪು ಬಣ್ಣ ಬಿದ್ದಿತ್ತು. ಹಿಂದೆ ಇದೇ ಮೆಟ್ಟಿಲ ಮೇಲೆ ಅವಳ ನಮಸ್ಕಾರಕ್ಕೆ ತಿರುಗಿ ನಮಸ್ಕಾರ ಹೇಳದೆ ಹೋದ ಮನುಷ್ಯ ಇವರೇನಾ ಅನ್ನಿಸಿತು. "ಬನ್ನಿ ಮೇಡಂ, ಬನ್ನಿ. ಕಾರು ತರೀಕೆರೆ ದಾಟಿದೆಯಂತೆ, ಈಗಷ್ಟೇ ಫೋನ್ ಬಂತು. ನೋಡಿ, ಹೀಗೆ ಮಾಡೋಣ. ರುಬೀನಾ ಅಂತ ಒಬ್ಬಳು ಹುಡುಗಿ ಇದಾಳೆ. ಸಿಸೇರಿಯನ್ ಆಗಿ ನಾಲ್ಕನೇ ದಿನ. ಹಸಿರು ಅಂದರೆ ಹಸಿರು. ಮೊದಲಾಗಿದ್ದರೆ ವಾರ ಇಟ್ಕೊಳ್ತಿದ್ವಿ. ಅವರ ಎದುರಿಗೇ ನೀವು ಒತ್ತಿ, ಹಸಿರು ಬರಲಿ, ನಾನು ಅಲ್ಲೇ ಡಿಸ್ಚಾರ್ಜ್ ಬರೀತೀನಿ. ಹ್ಯಾಗೆ?" ಎಂದರು. ಹ್ಯಾಗೆ ಎಂದು ಅವಳನ್ನು ಕೇಳುತ್ತಿದ್ದಾರೆ! "ಆಗಲಿ ಸರ್," ಎಂದು ಅವಳು ತಣ್ಣಗೆ ಹೇಳಿದಳು, ಒಳಗೊಳಗೇ ಕುಣಿಯುತ್ತ. ಪದ್ಮಮ್ಮ ಬೆಳಗಿನ ಅಂಕಿಗಳನ್ನು ಕೊಟ್ಟಳು. ಜ್ವರ ಇಲ್ಲ. ನಾಡಿ ಸ್ವಲ್ಪ ಜೋರು, ಆದರೆ ಆಪರೇಷನ್ ಆದವರಲ್ಲಿ ಅದು ಇದ್ದದ್ದೇ. ಬಿಳಿಕಣ ಹೆಚ್ಚು, ಅದೂ ಹೆರಿಗೆಯಾದವರಲ್ಲಿ ಇದ್ದದ್ದೇ. ಅವಳು ಒತ್ತಿದಳು. ಹಸಿರು.

ಸಮಿತಿ ಬರುವುದು ತಡವಾಗುವ ಹಾಗಿತ್ತು. ಡಾಕ್ಟರ ಕೋಣೆಯಲ್ಲಿ ಬಿಸ್ಕತ್ತಿನ ತಟ್ಟೆಗಳ ನಡುವೆ ಕೂರಲು ಮುಜುಗರವಾಗಿ ಸುಮನಾ ವಾರ್ಡಿಗೆ ಹೋದಳು. ರುಬೀನಾಳ ಅತ್ತೆ ಅಖ್ತರ್ ಬೀ ಮಂಚದ ಕೆಳಗಿಂದ ಒಂದೊಂದೇ ಪಾತ್ರೆ ಎಳೆದು ಚೀಲಕ್ಕೆ ತುಂಬುತ್ತಿದ್ದಳು. ಕೂಸು ತಾಯಿಯ ಕಾಲ ಬುಡದಲ್ಲಿ ಬಟ್ಟೆಯ ಗಂಟಿನಂತೆ ಮಲಗಿತ್ತು. "ಬಾರಮ್ಮ, ಬಾ ಬೇಟಿ, ಕೂತ್ಕೋ," ಎಂದು ಅವಳು ಸ್ಟೂಲು ಒರಸಿ ಕೊಟ್ಟಳು. "ನಿಮ್ಮ ಕಂಪ್ಯೂಟರ್‌ನಾಗೆ ನನ್ನ ಸೊಸೆ ಪಾಸಾಗ್ಬಿಟ್ಟಳು. ನಾಡಿದ್ದು ಛಟ್ಟಿ, ಮಗೂಗೆ ಆರನೇ ದಿನ. ಮನೆ ತುಂಬ ನೆಂಟರು. ನನ್ನ ಮಗ ನವಾಜ್ ಆಟೋ ತರೋಕೆ ಹೋಗಿದಾನೆ. ನೀವೂ ಬರಬೇಕು ನೋಡಮ್ಮ, ತಪ್ಪಿಸಬಾರದು." ಸುಮನಾ ಬರ್ತೀನಿ ಎಂದಳು. ಕೂಸಿನ ಅಂಗೈಯೊಳಗೆ ತನ್ನ ಬೆರಳು ಇಟ್ಟಳು. ಇವತ್ತಿನ ದಿನ ತನ್ನದು ಅನ್ನಿಸಿತು. ಈ ಕೂಸಿನ ತಾಯಿ ನೆಟ್ಟಗೆ ಮನೆಗೆ ಹೋಗುವುದರಲ್ಲಿ ತನ್ನದೂ ಪಾಲಿದೆ ಎಂದುಕೊಂಡು ತಲೆ ಎತ್ತಿದರೆ, ರುಬೀನಾ ಅವಳನ್ನೇ ನೋಡುತ್ತ ಮಲಗಿದ್ದಳು. ಇಪ್ಪತ್ತರ ಆಸುಪಾಸಿನ ಹುಡುಗಿ. ಎದೆಯ ಮೇಲೆ ಹೊದ್ದಿದ್ದ ತಿಳಿ ಗುಲಾಬಿ ದುಪಟ್ಟಾ ಏಳುತ್ತಿತ್ತು, ಇಳಿಯುತ್ತಿತ್ತು, ಇಳಿದು ಮುಗಿಯುವ ಮುಂಚೆಯೇ ಮತ್ತೆ ಏಳುತ್ತಿತ್ತು.

ಸುಮನಾ ಚಿಕ್ಕವಳಿದ್ದಾಗ, ಮೊದಲ ಪಾಳಿ ಮುಗಿಸಿ ಬಂದ ಅಪ್ಪ ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ. ಕಾಗದನಗರದ ಕ್ವಾರ್ಟರ್ಸಿನಲ್ಲಿ ಆ ಹೊತ್ತಿಗೆ ಎಲ್ಲ ಮನೆಗಳೂ ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಕಾಗದದ ಗಿರಣಿಯಿಂದ ಬರುವ ಕೊಳೆತ ಎಲೆಕೋಸಿನಂಥ ವಾಸನೆಯೊಂದು ಮಾತ್ರ ಓಣಿಯಲ್ಲಿ ಓಡಾಡಿಕೊಂಡಿರುತ್ತಿತ್ತು. ಅಪ್ಪ ನಿಜವಾಗಿ ನಿದ್ದೆ ಹೋದನೋ ಇಲ್ಲವೋ ಎಂದು ತಿಳಿಯದೆ ಹೊರಗೆ ಆಡಲು ಹೋಗುವಂತಿರಲಿಲ್ಲ. ಅವಳು ಬಾಗಿಲ ಸಂದಿಯಲ್ಲಿ ಕೂತು ಅವನ ಹೊಟ್ಟೆಯನ್ನೇ ನೋಡುತ್ತಿದ್ದಳು. ಉಸಿರು ನಿಧಾನವಾಗಿ, ತುಸು ಏರುಪೇರಾಗಿ ಬಂದರೆ ನಿದ್ದೆ. ತೀರ ಒಂದೇ ಸಮನಾಗಿ ಬಂದರೆ ನಾಟಕ. ಸೆಕ್ಷನ್ನಿನಲ್ಲಿ ಯಾರೋ ಮೇಲಿನವರಿಂದ ಬೈಸಿಕೊಂಡು ಬಂದ ದಿನ ಮೂಗಿನ ಹೊಳ್ಳೆ ಅರಳುತ್ತಿತ್ತು, ಅಂದು ಎದುರಿಗೆ ಸುಳಿಯದಿರುವುದೇ ಒಳ್ಳೆಯದು. ಓದು ಬರಹ ಬರುವ ಮುಂಚೆ ಅವಳು ಓದಲು ಕಲಿತದ್ದು ಶಿವಯೋಗಪ್ಪ ಎಂಬ ಆ ಮನುಷ್ಯನ ಉಸಿರನ್ನು. ಈಗ ರುಬೀನಾಳ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಯಾವಾಗ ಶುರುಮಾಡಿದಳೋ, ಸುಮನಾ ಎಣಿಸುತ್ತಿದ್ದಳು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಮುಗಿಸಿ ಹೊರಟ ಕಡೆಗೇ ಬಂದಾಗ ಲೆಕ್ಕ ಮೂವತ್ತನಾಲ್ಕಕ್ಕೆ ಬಂದಿತ್ತು.

ತಪ್ಪು ಎಣಿಸಿದೆ, ಎಂದುಕೊಂಡಳು. ಮಾತಾಡಿದ್ದರಿಂದ ಇರಬಹುದು. ನೋವಿರಬಹುದು. ಹೊಲಿಗೆ ಹಾಕಿಸಿಕೊಂಡವರು ಆಳವಾಗಿ ಉಸಿರೆಳೆಯಲು ಹೆದರುತ್ತಾರೆ, ಹಾಗಾಗಿ ಚಿಕ್ಕ ಚಿಕ್ಕದಾಗಿ ಎಳೆಯುತ್ತಾರೆ. ನಾನೇನು ಡಾಕ್ಟರೇ? ನಾಲ್ಕು ವರ್ಷ ಎಲ್ಲರೂ ಅವಳ ಮುಖಕ್ಕೆ ಹೇಳಿದ ಮಾತನ್ನು ಅವಳು ಈಗ ತಾನೇ ತನಗೆ ಹೇಳಿಕೊಂಡಳು, ಅದು ಎಷ್ಟು ಹಿತವಾಗಿತ್ತೆಂದರೆ ನಾಚಿಕೆಯಾಯಿತು. ಇನ್ನೊಮ್ಮೆ ಎಣಿಸಿದಳು. ಒಂದು ಹೆಚ್ಚೇ ಬಂತು. "ಹ್ಯಾಗಿದೀಯಮ್ಮ ರುಬೀನಾ?" ಎಂದಳು. "ಚೆನ್ನಾಗಿ... ಇದೀನಿ... ಮೇಡಂ," ಎಂದಳು ಹುಡುಗಿ, ಮೂರು ಮಾತಿಗೆ ಮೂರು ಉಸಿರು ತೆಗೆದುಕೊಂಡು, ನಗಲು ನೋಡುತ್ತ. ಅವಳಿಗೂ ಪಾಸಾಗಬೇಕಿತ್ತು. ಸುಮನಾ ಅವಳ ಹಣೆ ಮುಟ್ಟಿದಳು. ಹಣೆ ತಣ್ಣಗೆ, ತೇವವಾಗಿ, ಒರಸಿಟ್ಟ ಪಾತ್ರೆಯ ಹಾಗಿತ್ತು. ತಲೆದಿಂಬಿನ ಅಂಚೆಲ್ಲ ಒದ್ದೆ.

"ಅಮ್ಮಾ, ಇವಳಿಗೆ ಜ್ವರ ಬಂದಿತ್ತಾ?"

ಅಖ್ತರ್ ಬೀ ಪಾತ್ರೆ ಜೋಡಿಸುವುದನ್ನು ನಿಲ್ಲಿಸಲಿಲ್ಲ. "ಎಲ್ಲಿ ಜ್ವರ? ಸಿಸ್ಟರ್ ನೋಡಿದರಲ್ಲ, ಕಡ್ಡಿ ಇಟ್ಟು."

"ಕಡ್ಡಿ ಇಡೋಕೆ ಮುಂಚೆ?"

ಚೀಲದೊಳಗೆ ಇಳಿದಿದ್ದ ಕೈ ಅಲ್ಲೇ ನಿಂತಿತು. "ಹಾಲಿಳಿಯೋ ಜ್ವರಮ್ಮ, ಎಲ್ಲಾರಿಗೂ ಬರೋದೇ. ನಿನ್ನೆಯಿಂದ ಸ್ವಲ್ಪ ಇತ್ತು," ಎಂದಳು ಮುದುಕಿ, ದನಿ ತಗ್ಗಿಸಿ. "ಒಂದು ಗುಳಿಗೆ ಕೊಟ್ಟೆ. ಆಮೇಲೆ ತಣ್ಣೀರು ಬಟ್ಟೆ. ಸಿಸ್ಟರ್ ಬರೋಕೆ ಮುಂಚೆ ಕೊಡಬೇಕು ಅಂತ ಆ ಮೂಲೆ ಮಂಚದ ಈಶ್ವರಮ್ಮ ಹೇಳಿಕೊಟ್ಟಳು. ಇಲ್ಲಿ ಎಲ್ಲಾರೂ ಹಂಗೇ ಮಾಡ್ತಾರಮ್ಮ. ಜ್ವರ ಇದ್ದರೆ ನಿಮ್ಮ ಕಂಪ್ಯೂಟರ್ ಬಿಡಲ್ಲಾಂತಲ್ಲ."

ಸುಮನಾ ವಾರ್ಡನ್ನು ಒಮ್ಮೆ ನೋಡಿದಳು. ಆ ಕಡೆಯ ಗೋಡೆಗೆ, ಈ ಕಡೆಯ ಗೋಡೆಗೆ, ಸಾಲಾಗಿ ಹೆಂಗಸರು. ಒಬ್ಬೊಬ್ಬರ ತಲೆಯ ಬಳಿಯೂ ಒಂದೊಂದು ಒದ್ದೆ ಬಟ್ಟೆ, ಒಂದೊಂದು ನೀರಿನ ಚೊಂಬು. ಎಷ್ಟು ಸಲ ಇದೇ ದಾರಿಯಲ್ಲಿ ಓಡಾಡಿದ್ದಾಳೆ, ಕಂಡೂ ಕಾಣಲಿಲ್ಲ. ಹಸಿರು ಬಂದವರನ್ನು ಮನೆಗೆ ಕಳಿಸುತ್ತಾರೆ ಎಂದು ಗೊತ್ತಾದ ಕೂಡಲೇ ಇವರು ಮಾಡಬೇಕಾದ್ದನ್ನೇ ಮಾಡಿದ್ದರು: ಪರೀಕ್ಷೆಗೆ ತಯಾರಾಗಿದ್ದರು. ಅವಳ ವಿದ್ಯಾರ್ಥಿಗಳು ಮಾಡುವುದೂ ಅದನ್ನೇ ಅಲ್ಲವೇ. ಗುಳಿಗೆ ಕೊಟ್ಟು ಜ್ವರ ಇಳಿಸಬಹುದು. ಉಸಿರಿಗೆ ಗುಳಿಗೆಯಿಲ್ಲ. ಯಾರೂ ಸುಳ್ಳು ಮಾಡಲಾಗದ ಒಂದೇ ಒಂದು ಸಾಕ್ಷಿಯನ್ನು ಪದ್ಮಮ್ಮ ಪುರಸೊತ್ತಿಲ್ಲದೆ ಇಪ್ಪತ್ತೆಂದು ಬರೆದಳು. ತಾನು ಲೆಕ್ಕದ ಹೆಸರಿನಲ್ಲಿ ಅಳಿಸಿದಳು. ಪದ್ಮಮ್ಮನ ತಪ್ಪು ಈ ಒಂದು ವಾರ್ಡಿನ ತಪ್ಪು. ತನ್ನದು ಇವತ್ತು ಹೂಂ ಎನ್ನಿಸಿಕೊಂಡರೆ ಜಿಲ್ಲೆ ಜಿಲ್ಲೆಗೂ ಹೋಗುತ್ತದೆ. ಹೊರಗೆ ಕಾರಿನ ಬಾಗಿಲು ಹಾಕಿಕೊಂಡ ಸದ್ದಾಯಿತು. ರೇಣುಕಾಪ್ರಸಾದರ ಇಂಗ್ಲಿಷು ಮೆಟ್ಟಿಲ ಮೇಲೆ ಕೇಳಿಸಿತು. ಸುಮ್ಮನಿದ್ದರೆ ಏನಾಗುತ್ತದೆ ಎಂದು ಅವಳು ಯೋಚಿಸಿದಳು, ಯೋಚಿಸಿದಳು ಎನ್ನುವುದೇ ನಿಜ. ಸಮಿತಿ ಹೋದ ಮೇಲೆ ಡಾಕ್ಟರ ಕಿವಿಯಲ್ಲಿ ಹೇಳಬಹುದು. ಒಂದು ಗಂಟೆ, ಹೆಚ್ಚೆಂದರೆ ಎರಡು. ಅಷ್ಟರಲ್ಲಿ ನವಾಜ್ ಆಟೋ ತಂದಿರುತ್ತಾನೆ. ಕರಿಯಮ್ಮನ ಸಲ ಇದೇ ಒಂದೆರಡು ಗಂಟೆಗಾಗಿ ಅವಳು ಡಾಕ್ಟರ ಜೊತೆ ಜಗಳ ಕಾದಿದ್ದಳು. ಕೂಸಿನ ಅಂಗೈಯಿಂದ ಬೆರಳು ಬಿಡಿಸಿಕೊಂಡು ಎದ್ದಳು.

ಕೋಣೆಯ ಬಾಗಿಲಲ್ಲಿ ನಿಂತಾಗ ಒಳಗೆ ಟೀ ಹಂಚುತ್ತಿದ್ದರು. ಸಮಿತಿಯವರು ಇಬ್ಬರು: ಬಿಳಿ ಗಡ್ಡದ ಒಬ್ಬ ಹಿರಿಯರು, ಕಡತ ಹಿಡಿದ ಒಬ್ಬ ಹೆಂಗಸು. "ಇವರೇ ನೋಡಿ ನಮ್ಮ ಸುಮನಾ ಮೇಡಂ," ಎಂದು ರೇಣುಕಾಪ್ರಸಾದರು ಎದ್ದರು, ಮದುವೆ ಮನೆಯಲ್ಲಿ ಹೆಣ್ಣಿನ ಕಡೆಯವರು ಏಳುವ ಹಾಗೆ.

"ಸರ್, ರುಬೀನಾನ ಕಳಿಸಬಾರದು," ಎಂದಳು ಸುಮನಾ. ನಮಸ್ಕಾರ ಹೇಳಲು ಮರೆತಿದ್ದಳು. "ನನ್ನ ಪ್ರೋಗ್ರಾಂ ತಪ್ಪು ಹೇಳ್ತಿದೆ."

ರೇಣುಕಾಪ್ರಸಾದರು ನಕ್ಕರು, ಸಮಿತಿಯ ಕಡೆ ನೋಡಿದರು, ಮತ್ತೆ ನಕ್ಕರು. "ಕೂತ್ಕೊಳ್ಳಿ ಮೇಡಂ, ಟೀ ತಗೊಳ್ಳಿ. ಆಮೇಲೆ ಮಾತಾಡೋಣ."

"ಆಮೇಲೆ ಬೇಡ ಸರ್. ಅವಳು ಮೂವತ್ತನಾಲ್ಕು ಸಲ ಉಸಿರಾಡ್ತಿದಾಳೆ. ಮೈ ತಣ್ಣಗಿದೆ, ಬೆವರಿದೆ. ಜ್ವರ ಇಲ್ಲ ಅಂತ ಇದೆಯಲ್ಲ, ಅದು ಗುಳಿಗೆ ಕೊಟ್ಟು ಇಳಿಸಿರೋದು."

"ಮೇಡಂ." ಡಾಕ್ಟರ ದನಿಯಲ್ಲಿ ಇಂಜೆಕ್ಷನ್ ಬೆಂಚಿನ ದಿನಗಳ ತಣ್ಣನೆಯ ಎಳೆ ಮತ್ತೆ ಕಾಣಿಸಿತು. "ನಿಮ್ಮದೇ ಯಂತ್ರ ಹಸಿರು ತೋರಿಸ್ತಿದೆ. ಈಗ ನೀವೇ ಇಲ್ಲ ಅಂತೀರಿ. ಇವರು ಬೆಂಗಳೂರಿಂದ ಬಂದಿರೋದು ಯಾಕೆ ಹಾಗಾದರೆ? ಹೊಲಿಗೆ ನೋವಿಗೆ ಉಸಿರು ಜೋರಾಗುತ್ತೆ, ಅದು ನನಗೆ ಗೊತ್ತಿಲ್ವಾ? ನೀವು ಡಾಕ್ಟರಾ?"

"ಅಲ್ಲ ಸರ್. ಅದಕ್ಕೇ ಕರೀತಿದೀನಿ. ಯಂತ್ರಕ್ಕೆ ಉಸಿರು ಅಂದರೇನು ಅಂತ ಗೊತ್ತಿಲ್ಲ. ನಾನೇ ಕಲಿಸಲಿಲ್ಲ. ಚಾರ್ಟಿನಲ್ಲಿ ಎಲ್ಲಾರದೂ ಇಪ್ಪತ್ತು ಅಂತಿತ್ತು, ತೆಗೆದುಹಾಕಿದೆ. ನೀವು ಬಂದು ಎಣಿಸಿ. ಒಂದೇ ನಿಮಿಷ. ಇಪ್ಪತ್ತು ಬಂದರೆ ನಾನು ಇವರ ಎದುರಿಗೇ ಕ್ಷಮೆ ಕೇಳಿ ಹೊರಟುಹೋಗ್ತೀನಿ."

ಬಿಳಿ ಗಡ್ಡದವರು ಬಿಸ್ಕತ್ತನ್ನು ಟೀಯೊಳಗೆ ಅದ್ದಿ ಹಿಡಿದಿದ್ದರು, ಅದು ಮುರಿದು ಬಿತ್ತು. ಹೋಗು ಎಂದರೂ ಹೋಗುವುದಿಲ್ಲ, ಎಂದು ಸುಮನಾ ತೀರ್ಮಾನಿಸಿದಳು. ಬಾಗಿಲಲ್ಲಿ ನಿಂತಿದ್ದೇನೆ, ನನ್ನನ್ನು ದಾಟಿಯೇ ಇವರು ಹೊರಗೆ ಹೋಗಬೇಕು. ಕೊನೆಗೆ ರೇಣುಕಾಪ್ರಸಾದರು ಕುರ್ಚಿಯನ್ನು ಜೋರಾಗಿ ಹಿಂದಕ್ಕೆ ತಳ್ಳಿ, ಅವಳ ಮುಖ ನೋಡದೆ, ಪಕ್ಕದಿಂದ ಸರಿದು ವಾರ್ಡಿನ ಕಡೆ ನಡೆದರು. ಅವಳು ಹಿಂದೆಯೇ ಹೋದಳು.

ಅವರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದು ರುಬೀನಾಳ ಪಕ್ಕ ನಿಂತರು. ಸಿಟ್ಟಿನ ಮುಖ. ಅರ್ಧ ನಿಮಿಷವಾಗುವುದರೊಳಗೆ ಆ ಮುಖದಿಂದ ಸಿಟ್ಟು ಹೋಯಿತು, ಸಮಿತಿ ಹೋಯಿತು, ಸುಮನಾ ಹೋದಳು. ಡಾಕ್ಟರೊಬ್ಬನ ಮುಖ ಮಾತ್ರ ಉಳಿಯಿತು. ಎಣಿಸುವುದನ್ನು ಅರ್ಧಕ್ಕೇ ಬಿಟ್ಟು ಹುಡುಗಿಯ ಹೊಟ್ಟೆಯ ಮೇಲೆ ಕೈಯಿಟ್ಟರು. ಇಷ್ಟೇ ಇಷ್ಟು ಒತ್ತಿದ್ದಕ್ಕೆ ಅವಳು ಕ್ಷೀಣವಾಗಿ ಕೂಗಿದಳು. "ಪದ್ಮಮ್ಮಾ, ಬಿ.ಪಿ. ನೋಡಿ. ಡ್ರಿಪ್ ಹಾಕಿ, ಎರಡೂ ಕೈಗೆ. ಮೊದಲು ರಕ್ತ ತೆಗೆದಿಟ್ಕೊಳ್ಳಿ, ಆಮೇಲೆ ಆ್ಯಂಟಿಬಯಾಟಿಕ್. ಆಕ್ಸಿಜನ್ ಎಲ್ಲಿ? ವ್ಯಾನ್ ತೆಗೀರಿ ಅಂತ ಹೇಳಿ, ಶಿವಮೊಗ್ಗಕ್ಕೆ ಕರ್ಕೊಂಡು ಹೋಗೋಣ," ಎಂದರು ಒಂದೇ ಉಸಿರಿಗೆ. ಹೊಲಿಗೆಯ ಒಳಗೆ, ಗರ್ಭದಲ್ಲಿ, ಕೀವಾಗಿರಬೇಕು. ಬಿ.ಪಿ. ಇಳಿಯಲು ಆಗಲೇ ಶುರುವಾಗಿತ್ತು. ನವಾಜ್ ಆಟೋ ನಿಲ್ಲಿಸಿ ಒಳಗೆ ಓಡಿಬಂದವನು ಹೆಂಡತಿಯ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕು ನೋಡಿ ಗೋಡೆಗೊರಗಿ ನಿಂತುಬಿಟ್ಟ. ಅಖ್ತರ್ ಬೀ ಎರಡೂ ಕೈಯಿಂದ ತನ್ನ ಕೆನ್ನೆಗೆ ಹೊಡೆದುಕೊಳ್ಳತೊಡಗಿದಳು. "ನಾನೇ ಕೊಟ್ಟೆ, ಯಾ ಅಲ್ಲಾ, ನನ್ನ ಕೈಯ್ಯಾರೆ ಕೊಟ್ಟೆ." ಸುಮನಾ ಆ ಕೈಗಳನ್ನು ಹಿಡಿದುಕೊಂಡಳು. "ನೀವು ಕೊಡೋ ಹಾಗೆ ಮಾಡಿದ್ದು ನಾನಮ್ಮ. ಕೂಸನ್ನ ಎತ್ಕೊಳ್ಳಿ. ಹೋಗಿ ವ್ಯಾನ್ ಹತ್ತಿ," ಎಂದಳು. ಮುದುಕಿಗೆ ಅದು ಅರ್ಥವಾಗಲಿಲ್ಲ. ಅರ್ಥವಾಗಲೆಂದು ಸುಮನಾ ಹೇಳಿಯೂ ಇರಲಿಲ್ಲ.

ವ್ಯಾನಿನ ಜೊತೆಗೆ ರೇಣುಕಾಪ್ರಸಾದರೂ ಹೊರಟರು. ಬಿಸ್ಕತ್ತಿನ ತಟ್ಟೆಗಳ ನಡುವೆ ಸಮಿತಿಯ ಹಿರಿಯರು ಸುಮನಾಳ ಜೊತೆ ಬಹಳ ಮರ್ಯಾದೆಯಿಂದ ಮಾತಾಡಿದರು. ಅವಳ ಪ್ರಾಮಾಣಿಕತೆ ಮೆಚ್ಚತಕ್ಕದ್ದು. ಆದರೆ ಈ ಸ್ಥಿತಿಯಲ್ಲಿ ಶಿಫಾರಸು ಮಾಡುವುದು ಹೇಗೆ. ಕಡತವನ್ನು ಸದ್ಯಕ್ಕೆ ಮುಚ್ಚಬೇಕಾಗುತ್ತದೆ. ಕಡತ ಹಿಡಿದ ಹೆಂಗಸು ಅವಳ ಸೀರೆಯ ಮೇಲೆ ಬಿದ್ದ ಡ್ರಿಪ್ಪಿನ ನೀರನ್ನೇ ನೋಡುತ್ತಿದ್ದಳು. "ಮುಚ್ಚಿ ಸರ್," ಎಂದಳು ಸುಮನಾ. "ಈಗಿರೋ ಹಾಗೆ ನೀವು ಒಪ್ಪಿದರೂ ನಾನು ಕೊಡಲ್ಲ. ಉಸಿರು ಎಣಿಸಿ ಮೊದಲಿಂದ ಮಾಡಬೇಕು. ಒಂದು ವರ್ಷವೋ ಎರಡೋ ಆಗುತ್ತೆ. ಆದಾಗ ನಾನೇ ಬೆಂಗಳೂರಿಗೆ ಬರ್ತೀನಿ. ನೀವು ಒಳಗೆ ಬಿಡೋವರೆಗೂ ಹೊರಗೆ ಕೂತಿರ್ತೀನಿ, ನನಗೆ ಅಭ್ಯಾಸ ಇದೆ." ಹೇಳಿದ ಮೇಲೆ ಇದು ಉದ್ಧಟತನವಾಯಿತೇನೋ ಅನ್ನಿಸಿತು. ಕಾರು ಗೇಟು ದಾಟುವಾಗ ಅಳು ಬಂತು. ಬಾತ್‌ರೂಮಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಅಷ್ಟನ್ನೂ ಅತ್ತು ಮುಗಿಸಿ ಮುಖ ತೊಳೆದುಕೊಂಡಳು. ನಾಲ್ಕು ವರ್ಷ ಹೋಯಿತು ಎಂಬ ದುಃಖಕ್ಕಿಂತ, ಆ ಹುಡುಗಿ ಹೋದರೆ ಎಂಬ ಹೆದರಿಕೆ ದೊಡ್ಡದಾಗಿತ್ತು. ಹೋಗಬಾರದು. ಹೋಗಕೂಡದು.

ಮಧ್ಯಾಹ್ನ ಇಳಿದ ಮೇಲೆ ವಾರ್ಡಿನ ಫೋನು ಹೊಡೆದುಕೊಂಡಿತು. ಪದ್ಮಮ್ಮ ಎತ್ತಿ, ಕೇಳಿಸಿಕೊಂಡು, ಸುಮನಾಳ ಕೈಗೆ ಕೊಟ್ಟಳು. "ಬಿ.ಪಿ. ಇಳಿಯೋದು ನಿಂತಿದೆ," ಎಂದರು ರೇಣುಕಾಪ್ರಸಾದ್. ದನಿ ಒಣಗಿತ್ತು. "ಆಪರೇಷನ್ ಮಾಡಿ ಕೀವು ತೆಗೆದರು. ಇನ್ನೆರಡು ದಿನ ಏನೂ ಹೇಳೋಕಾಗಲ್ಲ ಅಂತಾರೆ. ಆದರೆ ಸಂಜೆವರೆಗೆ ಬಿಟ್ಟಿದ್ದರೆ ಕರ್ಕೊಂಡು ಬರೋದೇ ಬೇಡವಾಗಿತ್ತಂತೆ." ಆಮೇಲೆ ಅವರೇ ಮುಂದುವರಿಸಿದರು. "ಮೇಡಂ, ಮನೆಗೆ ಹೋಗಬೇಡಿ. ಆ ವಾರ್ಡಿನಲ್ಲಿ ಇನ್ನೂ ಎಷ್ಟು ಜನ ಹಸಿರು ಇದಾರೆ?"

"ಎಲ್ಲಾರೂ ಹಸಿರೇ ಸರ್," ಎಂದಳು ಸುಮನಾ.

"ನೋಡಿ ಹಾಗಾದರೆ," ಎಂದು ಅವರು ಫೋನಿಟ್ಟರು.

ಪದ್ಮಮ್ಮ ಮುಖ ಊದಿಸಿಕೊಂಡು ನಿಂತಿದ್ದಳು. "ನನ್ನಿಂದಲೇ ಆಗಿದ್ದು ಅಂತ ಎಲ್ಲಾರೂ ಅಂತಾರೆ ಈಗ. ಒಬ್ಬೊಬ್ಬರಿಗೆ ಒಂದು ನಿಮಿಷ ಅಂದರೂ ಇಷ್ಟು ಮಂಚಕ್ಕೆ ಎಷ್ಟಾಯ್ತು ಮೇಡಂ? ಇಂಜೆಕ್ಷನ್ ಯಾರು ಕೊಡ್ತಾರೆ? ಹೊಲಿಗೆ ಯಾರು ಒರೆಸ್ತಾರೆ? ನಾನೇನು ಎರಡು ಜನಾನಾ?" ಎಂದಳು. ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಸುಮನಾ ಲ್ಯಾಪ್‌ಟಾಪನ್ನು ಮುಚ್ಚಿ ಬ್ಯಾಗಿಗೆ ಹಾಕಿ ಮೂಲೆಗಿಟ್ಟಳು. "ಇವತ್ತು ನಾನು ಎಣಿಸ್ತೀನಿ ಪದ್ಮಮ್ಮ. ನಾಳೆ ಕಾಲೇಜು ಮುಗಿಸಿ ಬರ್ತೀನಿ. ನಾಡಿದ್ದೂ ಬರ್ತೀನಿ. ನಿಮ್ಮಿಂದ ಆಗೋ ದಾರಿ ಯಾವುದು ಅಂತ ಇಬ್ಬರೂ ಸೇರಿ ನೋಡೋಣ. ಅಲ್ಲೀವರೆಗೆ ಆ ಕಾಲಂ ಖಾಲಿ ಬಿಡಿ ಮಾರಾಯ್ತಿ, ಇಪ್ಪತ್ತು ಮಾತ್ರ ಬರೀಬೇಡಿ," ಎಂದಳು. ಪದ್ಮಮ್ಮ ಟ್ರೇ ಎತ್ತಿಕೊಂಡು ಹೋದಳು.

ಬೆಳಿಗ್ಗೆ ನಡೆದದ್ದು ವಾರ್ಡಿಗೆಲ್ಲ ಹಬ್ಬಿತ್ತು, ಹಬ್ಬುವಾಗ ಏನೇನೋ ಆಗಿತ್ತು. ಕಂಪ್ಯೂಟರ್ ಮೇಡಂ ಈಗ ಉಸಿರು ನೋಡುತ್ತಾಳಂತೆ, ಉಸಿರಲ್ಲಿ ಫೇಲಾದವರನ್ನು ವ್ಯಾನು ಹತ್ತಿಸುತ್ತಾರಂತೆ. ಸುಮನಾ ಗಡಿಯಾರ ಬಿಚ್ಚಿ ಹಿಡಿದು ಮೂಲೆಯ ಮಂಚದ ಹತ್ತಿರ ಬಂದಾಗ ಈಶ್ವರಮ್ಮ ಎದ್ದು ನೆಟ್ಟಗೆ ಕೂತು, ಕೂದಲು ಸರಿಮಾಡಿಕೊಂಡು, ಸೆರಗು ಹೊದ್ದು ಸಿದ್ಧಳಾಗಿದ್ದಳು.

"ಎಷ್ಟಿರಬೇಕು ಮೇಡಂ?" ಎಂದಳು ಗುಟ್ಟಾಗಿ. "ಹೇಳಿಬಿಡಿ, ಅಷ್ಟೇ ಬಿಡ್ತೀನಿ."

"ಎಷ್ಟಿದೆಯೋ ಅಷ್ಟು ಬಿಡಿ ಈಶ್ವರಮ್ಮ."

ಈಶ್ವರಮ್ಮ ಅವಳನ್ನು ನಂಬಲಿಲ್ಲ. ಎದೆಯುಬ್ಬಿಸಿ, ತುಟಿ ಬಿಗಿದು, ಉಸಿರು ಹಿಡಿದು ಕೂತಳು. ಸುಮನಾ ಸ್ಟೂಲು ಎಳೆದುಕೊಂಡು ಅವಳ ಎದುರಿಗೆ ಕೂತಳು, ಅವಳು ಬಿಡುವವರೆಗೂ ಕಾಯಲು.